ಎರಡು ಕಿಲೋ ಸರಿ ಉತ್ತರ

ಕರೆಂಟ್ ಹೋತಂದ್ರ ಬನಹಟ್ಟಿಗೆ ಕಿವಿ ಬರತಾವ.
ಮುಂಜಾನಿಂದ ಖಟಖಟ ಅಂತಿದ್ದ ಓಣಿ
ಒಮ್ಮಿಂದೊಮ್ಮೆಲೆ ಬಾಯಿ ಮುಚ್ಚಿ,
ಎಲ್ಲೋ ಒಂದು ಆಡು ಕೆಮ್ಮೂದು ಕೇಳತೈತಿ.
ಲಾಳಿ ಅರ್ಧ ಹಾದ್ಯಾಗ ನಿಂತಿರತೈತಿ.
ಕಂಡಿಕಿ ಸುತ್ತೂ ನನ್ನ ಮಷಿನ್ನು
ಚಟಕ್ಕ ಬಿದ್ದಂಗ ಇನ್ನೂ ನಾಕು ಸುತ್ತು ತಿರುಗಿ
ಸುಮ್ಮನಾಗತೈತಿ.
ನಾವು ಸೆರಗಿಗೆ ಹತ್ತಿದ ನೂಲು ಝಾಡಿಸಿ
ಮುರಿಗೆಪ್ಪನ ಗಾಡಿಗೆ ನಡೀತೀವಿ.
ಇಪ್ಪತ್ತು ರೂಪಾಯಿಗೆ ಮೂರು ಮಿರ್ಚಿ.
ಕಾಗದ ಪುಕ್ಕಟೆ.

ಅವತ್ತು ನನ್ನ ಪಾಲಿಗೆ ಬಂದದ್ದು ಪರೀಕ್ಷಾದ ಹಾಳಿ.
ರೋಲ್ ನಂಬರ್ ಹದಿನೇಳು. ಹೆಸರಿದ್ದಲ್ಲಿ ಎಣ್ಣಿ.
ವಿರುದ್ಧ ಪದ ಬರೆಯಿರಿ ಅಂತ ಕೇಳ್ಯಾರ.
ಹಗಲು: ರಾತ್ರಿ. ಸರಿ.
ಸಿಹಿ: ಕಹಿ. ಸರಿ.
ಸದ್ದು: ಕರೆಂಟ್ ಹೋತು.
ಮಾಸ್ತರು ಕೆಂಪು ಶಾಯೀಲೆ ಕಾಟು ಹೊಡದಾರ,
ಹಾಳಿ ಹರಿಯೂವಷ್ಟು.

ಖಾರ ನೆತ್ತಿಗೇರಿತೋ, ನಗಿಯೋ,
ಕಣ್ಣಾಗ ನೀರು ಬಂತು. ಗಂಗವ್ವ ಬೆನ್ನು ಗುದ್ದಿದಳು.
ಇಪ್ಪತ್ತೆರಡು ವರ್ಷ ಅದೇ ಶೆಡ್ಡಿನಾಗ ಕುಂತೀನಿ,
ನನಗ್ಯಾಕ ಹೊಳೀಲಿಲ್ಲ?

ಹಾಳಿ ಹೊಳ್ಳಿಸಿದೆ.
'ನೀರಿಗೆ ಬಣ್ಣ ಇಲ್ಲ.
ಬಣ್ಣದ ಮನೆಯ ಹಿಂದಿನ ಗಟಾರದಲ್ಲಿ ಮಾತ್ರ
ಸೋಮವಾರ ಕೆಂಪು, ಗುರುವಾರ ಹಸಿರು.'
'ಸೂರ್ಯನು ನೀರಿನ ಟಾಕಿಯಲ್ಲಿ ಮುಳುಗುತ್ತಾನೆ.'
ಎರಡಕ್ಕೂ ಸೊನ್ನಿ.

ಏಳನೇತ್ತಕ್ಕ ಸಾಲಿ ಬಿಟ್ಟಾಕಿ ನಾ.
ಸೀರಿಗೆ ಗುರುತು ಹಾಕೂ ಕೆಂಪು ಪೆನ್ಸಿಲ್
ತುರುಬಿನಾಗ ಇತ್ತು, ತಗದೆ.
ಸದ್ದಿಗೆ ಒಂದಕ್ಕ ಎರಡು.
ನೀರಿಗೆ ಐದಕ್ಕ ಐದು.
ಟಾಕೀದು ನೋಡಿ ಕೊಡೂಣಂತ ಬಿಟ್ಟೆ.
ಸಂಜೀಕ ಮಾಳಿಗಿ ಏರಿ ನಿಂತೆ.
ಖರೇನ, ಸೀದಾ ಟಾಕೀಯೊಳಗ ಇಳದ.
ಕೊಟ್ಟೆ.

ಅಲ್ಲಿಂದ ಹುಚ್ಚು ಹತ್ತಿತು.
ಊರಿಗೆ ಊರೇ ಕರೆಂಟ್ ಬರೂದಕ್ಕ ಕಾಯತೈತಿ,
ನಾನೊಬ್ಬಾಕಿ ಹೋಗೂದಕ್ಕ.
ಒಂದಿನ ಬ್ಯಾಂಕಿನ ಪಾವತಿ ಬಂತು,
ಒಂದಿನ ಯಾವುದೋ ವರ್ಷದ ಆಷಾಢ ಮಾಸ,
ಒಂದಿನ ಮುಹೂರ್ತ ಮುಗದ ಲಗ್ನಪತ್ರ.
ಹದಿನೇಳು ಮತ್ತ ಬರಲಿಲ್ಲ.
'ಕಾಗದ ಎಲ್ಲಿಂದ ತರ್ತೀಯೋ ಮುರಿಗೆಪ್ಪಾ?'
'ದಸ್ತಗೀರ ಸಾಬರ ರದ್ದಿ ಅಂಗಡೀದು. ಯಾಕಬೇ,
ಮಿರ್ಚಿ ಸಾಲದಾತೇನು?'

ಶನಿವಾರ ಪಗಾರ ಆತು. ಎರಡು ಕಿಲೋ ತಂದೆ.
ರಾತ್ರಿಯೆಲ್ಲಾ ಓದಿದೆ.
ಸೂರ್ಯ ಪಶ್ಚಿಮಕ್ಕ, ಪಶ್ಚಿಮಕ್ಕ, ಪಶ್ಚಿಮಕ್ಕ.
ನೀರಿಗೆ ಬಣ್ಣವಿಲ್ಲ ರುಚಿಯಿಲ್ಲ ವಾಸನೆಯಿಲ್ಲ.
ಎರಡು ಕಿಲೋ ಸರಿ ಉತ್ತರ,
ಎಣ್ಣಿಯಿಲ್ಲ, ಬಿಸಿಯಿಲ್ಲ.
ಕೊಂಡು ತಂದರ ಹಿಂಗ ಆಗತೈತಿ ಅಂತ
ಸುತಳಿ ಕಟ್ಟಾಕ ಹೋದರ
ತಳದಾಗೊಂದು ಹಾಳಿ:
'ದೊಡ್ಡವರಾದ ಮೇಲೆ ನೀವು ಏನಾಗಬಯಸುವಿರಿ?
ಹತ್ತು ಸಾಲು ಬರೆಯಿರಿ.'
ಕೆಳಗ ಏನೂ ಬರದಿಲ್ಲ ಯಾವ ಪುಣ್ಯಾತ್ಮ ಕೂಸು.
ಕೋಳಿ ಕೂಗೂತನಕ ಆ ಖಾಲಿ ಜಾಗ ನಾನು
ಒಬ್ಬರನೊಬ್ಬರು ನೋಡಿದೆವು.
ಪೆನ್ಸಿಲ್ ಕೆತ್ತಿ ಬರದೆ.
ಹತ್ತು ಆಗಲಿಲ್ಲ, ನಾಕು ಸಾಲು.
ಏನಂತ ಗಂಗವ್ವಗೂ ಹೇಳಿಲ್ಲ.

ಗಂಟು ಮುರಿಗೆಪ್ಪಗ ಕೊಟ್ಟೆ, ನನ್ನ ಹಾಳಿ ನಡುವ.
ಮಂಗಳವಾರ, ಮೂರರ ಸುಮಾರಿಗೆ, ಕರೆಂಟ್ ಹೋತು.
ಬಾಬಿನ್ ಚೀಲ ಹೊತ್ತ ಮುದುಕಪ್ಪ ಒಬ್ಬ
ನನ್ನ ಅಕ್ಷರದಾಗ ಮಿರ್ಚಿ ಇಟಗೊಂಡು ಕುಂತಿದ್ದ.
ಒಂದು ತಿಂದ. ಎರಡನೇದು ತಿಂದ.
ಬೆರಳು ಒರಸಾಕ ಹೋದಾಂವ ತಡದ,
ಹಾಳಿ ಎತ್ತಿ ಎಣ್ಣಿ ಇಳದ ಕಡೆ
ಬಿಸಲಿಗೆ ಹಿಡದ.
ತುಟಿ ಅಲುಗತಿದ್ವು,
ಓದಾಕತ್ತಿದ್ದನೋ, ಖಾರಕ್ಕೋ.
ಇನ್ನೊಂದು ಚೂರು ಹತ್ತರ ಹೋಗೂಣಂದ್ರ
ಓಣಿ ತುಂಬ ಖಟಖಟ ಸುರುವಾತು.
ಶೆಡ್ಡಿನ ಬಾಗಲಾಗ ಸಾವಕಾರ ನಿಂತಿದ್ದ.
ಬಾಯಾಗಿನ ತುತ್ತು ನುಂಗಲಾರದ
ಓಡಿದೆ.